ಬಸುರಿಯಲ್ಲಿ ನೀರಿನ ವ್ಯಾಯಾಮ: ಮಗುವಿಗೆ ತೊಂದರೆ ಉಂಟಾ?

ಪೆರ್ಲದವಳು:
ನನಗೀಗ ಐದು ತಿಂಗಳು, ಚೊಚ್ಚಲು. ಸೊಂಟನೋವು ವಿಪರೀತ, ಸಂಜೆಯಾದರೆ ಕಾಲು ಬೀಗಿ ಚಪ್ಪಲಿಯೊಳಗೆ ಹೋಗುವುದಿಲ್ಲ. ನೀರಲ್ಲಿ ವ್ಯಾಯಾಮ ಮಾಡಬಹುದು ಅಂದರು ಮಂಗಳೂರಿನ ಡಾಕ್ಟ್ರು. ಅತ್ತೆಗೆ ಹೆದರಿಕೆ: ಹೊಟ್ಟೆಗೆ ತಣ್ಣೀರು ತಾಗಿದರೆ ಮಗುವಿಗೆ ಶೀತ, ನೀರು ಒಳಗೂ ಹೋದೀತು ಅಂತ. ಅಪ್ಪನ ಮನೆಯ ತೋಟದ ಕೆರೆಯಲ್ಲೇ ನಾನು ಈಜು ಕಲಿತದ್ದು. ಅಲ್ಲಿ ಇಳಿಯಬಹುದಾ?

ಬದಿಯಡ್ಕದ ಅಕ್ಕ:
ತಂಗೀ, ನಾನು ಫಿಸಿಯೋಥೆರಪಿಸ್ಟ್. ಅತ್ತೆಗೆ ಹೀಗೆ ಹೇಳು: ಗರ್ಭಕೋಶದ ಬಾಯಿ ಗಟ್ಟಿ ಲೋಳೆಯಿಂದ ಮುಚ್ಚಿರುತ್ತದೆ, ಮಗು ತನ್ನ ಚೀಲದೊಳಗೆ ಬೇರೆಯೇ ನೀರಲ್ಲಿರುತ್ತದೆ. ಹೊರಗಿನ ನೀರು ಅಲ್ಲಿಗೆ ಮುಟ್ಟುವುದಿಲ್ಲ. ವ್ಯಾಯಾಮದ ಹೊತ್ತಿಗೆ ಮಗುವಿನ ಎದೆಬಡಿತ ಸ್ವಲ್ಪ ಏರುತ್ತದೆ, ನಿಲ್ಲಿಸಿದ ಮೇಲೆ ತಾನೇ ಇಳಿಯುತ್ತದೆ. ಅದಕ್ಕೆ ಹೆದರಬೇಡ.

ಎದೆಮಟ್ಟ ನೀರಲ್ಲಿ ನಿಂತರೆ ಮೈಭಾರ ಹೆಚ್ಚುಕಡಿಮೆ ನೀರೇ ಹೊರುತ್ತದೆ, ಸೊಂಟಕ್ಕೆ ಆರಾಮ. ನೀರಿನ ಒತ್ತಡಕ್ಕೆ ಕಾಲಿನ ಬಾವು ರಕ್ತಕ್ಕೆ ಮರಳಿ, ಮೇಲೆ ಬಂದ ಕೂಡಲೇ ಮೂತ್ರಕ್ಕೆ ಓಡಬೇಕಾಗುತ್ತದೆ. ಅದು ಒಳ್ಳೆಯದೇ.

ಮಗುವಿಗೆ ಆಗದ್ದು ಅತಿ ಬಿಸಿ. ತಾಯಿಯ ಮೈ ಬಿಸಿ 39 ಡಿಗ್ರಿ ದಾಟಬಾರದು, ಮೊದಲ ಮೂರು ತಿಂಗಳಲ್ಲಂತೂ ಮಗುವಿನ ಬೆನ್ನುಹುರಿ, ಮಿದುಳು ರೂಪುಗೊಳ್ಳುವ ಕಾಲ. ಈಜುವ ನೀರು 32 ಡಿಗ್ರಿಗಿಂತ ಬಿಸಿ ಬೇಡ. ಮೂಗಿನವರೆಗೆ ಹಬೆ ಬರುವ ಹಂಡೆನೀರಿನ ಸ್ನಾನದಲ್ಲೂ ಎಚ್ಚರ.

ಕೆರೆ ಬೇಡ. ಹಾವಸೆ ಹಿಡಿದ ಕೆಂಪುಕಲ್ಲಿನ ಮೆಟ್ಟಿಲಲ್ಲಿ ಜಾರಿದರೆ ಯಾರು ಹಿಡಿಯುವುದು? ಇಲಿ ಮೂತ್ರ ಸೇರಿದ ನೀರಿಂದ ಹರಡುವ ಇಲಿಜ್ವರ ಬಸುರಿಯರಿಗೆ ಬಂದರೆ ಗರ್ಭಕ್ಕೇ ಅಪಾಯ. ನಿಂತ ನೀರು ಮೂಗಿಗೆ ಹೋಗಿ ಅಮೀಬಾ ಮಿದುಳುಜ್ವರ ಬಂದ ಪ್ರಕರಣಗಳನ್ನು ಕೇರಳದಲ್ಲಿ 2024ರಲ್ಲಿ ನಾವೇ ಕೇಳಿದ್ದೇವಲ್ಲ. ಕ್ಲೋರಿನ್ ಹಾಕಿದ ಕೊಳವೇ ಬೇಕು.

ಕುಂಬಳೆಯಿಂದ:
ನಾನು ಎರಡನೇ ಮಗುವಿಗೆ ಕೊಳದಲ್ಲಿ ನಡೆಯುತ್ತಿದ್ದೆ, ಅಷ್ಟೇ. ಕಂಬಿ ಹಿಡಿದು ಮೊಣಕಾಲೆತ್ತುವುದು, ಕೈ ಬೀಸುವುದು. ರಾತ್ರಿ ಒಳ್ಳೆ ನಿದ್ದೆ ಬರುತ್ತಿತ್ತು. ಜಿಗಿಯಬೇಡ.

ಪೆರ್ಲದವಳು:
ಅಕ್ಕಾ, ಎಷ್ಟು ಹೊತ್ತು? ಯಾವಾಗ ನಿಲ್ಲಿಸಬೇಕು?

ಬದಿಯಡ್ಕದ ಅಕ್ಕ:
ವಾರಕ್ಕೆ ಒಟ್ಟು 150 ನಿಮಿಷದ ಹದ ವ್ಯಾಯಾಮ ಅಂತ ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿದ್ದು. ನೀನು ಸ್ವಲ್ಪದಿಂದ ಶುರುಮಾಡು, ಮಾತಾಡುತ್ತಾ ಮಾಡುವಷ್ಟು ಉಸಿರಿರಲಿ. ಬಾಯಾರಿಕೆ ಗೊತ್ತಾಗುವುದಿಲ್ಲ, ನೀರು ಕುಡಿ. ರಕ್ತ ಕಂಡರೆ, ನೀರು ಸೋರಿದರೆ, ಹೊಟ್ಟೆ ಬಿಗಿದು ನೋಯುತ್ತಿದ್ದರೆ, ತಲೆ ತಿರುಗಿದರೆ ಮೇಲೆ ಬಂದು ಆಸ್ಪತ್ರೆಗೆ ಫೋನ್ ಮಾಡು. ಮಾಸು (ಪ್ಲಾಸೆಂಟಾ) ಕೆಳಗೆ ಕೂತಿದೆಯಾ, ಬಿಪಿ ಹೇಗಿದೆ ಎಂದು ಸ್ಕ್ಯಾನ್ ಚೀಟಿ ಹಿಡಿದುಕೊಂಡೇ ಡಾಕ್ಟ್ರಲ್ಲಿ ಮೊದಲು ಕೇಳು. ಮುಖ, ಕೈ ಒಮ್ಮೆಲೇ ಬೀಗಿದರೆ ವ್ಯಾಯಾಮದ ಮಾತೇ ಬೇಡ, ಅವತ್ತೇ ಬಿಪಿ ನೋಡಿಸು.