ಅಪ್ಪನ ಬೆನ್ನು ನೋಡಬೇಕು, ಸುಮಾ

ಸುಮಾ, ನೀನು ಬೆಳಿಗ್ಗೆ ಗುಂಪಿನಲ್ಲಿ ಹಾಕಿದ್ದನ್ನು ಓದಿದೆ. ನಾಡಿದ್ದು ಹಾಸನದಲ್ಲಿ ನಿನ್ನ ಅಪ್ಪನಿಗೆ ಆಂಜಿಯೋಗ್ರಾಮ್, ಅಂದರೆ ಹೃದಯದ ರಕ್ತನಾಳಗಳನ್ನು ಎಕ್ಸ್‌ರೇಯಲ್ಲಿ ನೋಡುವುದು; ಬ್ಲಾಕ್ ಇದ್ದರೆ ಅಲ್ಲೇ ನಾಳವನ್ನು ತೆರೆದಿಡುವ ಸ್ಟೆಂಟ್. ಅಷ್ಟು ಹೊತ್ತು ಎಕ್ಸ್‌ರೇ ಬಿಟ್ಟರೆ ಮೈಗೆ ಕೆಡುಕಲ್ಲವೇ ದೊಡ್ಡಪ್ಪ ಎಂದು ಕೇಳಿದ್ದೀಯೆ. ಮೊದಲು ನನ್ನ ಬೆನ್ನಿನ ವಿಷಯ ಕೇಳು.

ನನಗೆ ಎರಡನೆಯ ಸಲ ಸ್ಟೆಂಟ್ ಹಾಕಿದ್ದು ನಿಮಗೆಲ್ಲ ಗೊತ್ತು. ಪೂರ್ತಿ ಮುಚ್ಚಿಹೋಗಿದ್ದ ನಾಳ, ಮೂರು ಗಂಟೆ ಹಿಡಿಯಿತು. ದಪ್ಪ ಮೈಯಾದರೆ ಯಂತ್ರ ಕಿರಣವನ್ನು ಇನ್ನೂ ಹೆಚ್ಚು ಬಿಡುತ್ತದೆ. ಅದು ಬರುವುದು ಮೇಜಿನ ಅಡಿಯಿಂದ, ಮೊದಲು ತಾಗುವುದು ಬೆನ್ನಿಗೆ. ಆಗ ಏನೂ ಉರಿಯಲಿಲ್ಲ. ಮೂರು ವಾರದ ಮೇಲೆ, ನೀರು ತುಂಬುವ ಹಬ್ಬದ ಮಾರನೆಯ ಬೆಳಿಗ್ಗೆ ಎಣ್ಣೆ ಹಚ್ಚುತ್ತಿದ್ದ ನಿನ್ನ ದೊಡ್ಡಮ್ಮ ಕೈ ನಿಲ್ಲಿಸಿದಳು. ಬಲ ಹೆಗಲಮೂಳೆಯ ಕೆಳಗೆ ಅಂಗೈಯಗಲ ಕೆಂಪು, ಅಂಚು ಸ್ಕೇಲಿಟ್ಟು ಗೆರೆ ಎಳೆದ ಹಾಗೆ ಚೌಕ. ಸರ್ಪಸುತ್ತು ಎಂದು ಕೆಮ್ಮಣ್ಣು ಹಚ್ಚಿದೆವು. ಒಬ್ಬ ವೈದ್ಯರು ಕಜ್ಜಿಯ ಮುಲಾಮು ಕೊಟ್ಟರು. ಇನ್ನೊಬ್ಬರು ಚೂರು ಚರ್ಮ ಕತ್ತರಿಸಿ ಪರೀಕ್ಷೆಗೆ ಕಳುಹಿಸಿದರು. ಅದು ಎಕ್ಸ್‌ರೇ ಕಿರಣ ಸುಟ್ಟ ಚರ್ಮ; ಕತ್ತರಿಸಿದ ಆ ಗಾಯ ಆರು ತಿಂಗಳಾದರೂ ಮಾಯಲಿಲ್ಲ. ಅದಕ್ಕೇ ಹೇಳುತ್ತೇನೆ, ಮನೆಗೆ ಬಂದ ಮೇಲೆ ಅಪ್ಪನ ಬೆನ್ನು ನೋಡು.

ಆ ಆರು ತಿಂಗಳು ನಾನು ಬೋರಲು ಮಲಗಿದ್ದೆ. ಬಂದವರು ಕಿತ್ತಳೆ ಇಟ್ಟು, ಕಾಫಿ ದರ ಮಾತನಾಡಿ ಎದ್ದರು. ಬಾಳ್ಳುಪೇಟೆ ತೋಟದ ಪಾಲಿನ ಕಾಗದಕ್ಕೆ ನನ್ನ ಸಹಿ ಬೇಕಾದ ದಿನ ಎರಡು ಕಾರು ತುಂಬಿ ಬಂದಿರಿ, ನಿನ್ನ ಅಪ್ಪನೂ ಇದ್ದ. ಪಹಣಿಯನ್ನು ಸಾಲು ಸಾಲಾಗಿ ಓದಿದಿರಿ. ಮಂಚದ ತಲೆದೆಸೆಯಲ್ಲಿದ್ದ ಆಸ್ಪತ್ರೆಯ ಫೈಲನ್ನು ಒಬ್ಬರೂ ಬಿಚ್ಚಲಿಲ್ಲ. ಅದು ಇನ್ನೂ ನೋಯುತ್ತದೆ.

ಹಾಂ, ಆ ಫೈಲಿನ ಮಾತನ್ನೇ ಹೇಳಬೇಕಿತ್ತು. ಹೆದರಿ ದಿನ ಮುಂದೂಡಬೇಡಿ. ನೆಲ, ಗಾಳಿ, ಆಕಾಶದಿಂದ ವರ್ಷಕ್ಕೆ ನಮಗೆ ತಾಗುವ ಕಿರಣ ಸರಾಸರಿ 2.4 ಮಿಲಿಸೀವರ್ಟ್ (ಇಡೀ ಮೈಗೆ ತಾಗಿದ ಕಿರಣದ ಅಳತೆ), ಆಂಜಿಯೋಗ್ರಾಮ್‌ಗೆ ಸುಮಾರು 7, ಸ್ಟೆಂಟಿಗೆ 15ರ ಆಸುಪಾಸು. ಯಂತ್ರ ನಿಂತರೆ ಕಿರಣವೂ ನಿಂತಿತು, ಮೊಮ್ಮಗುವನ್ನು ಅಜ್ಜನಿಂದ ದೂರ ಇಡಬೇಕಿಲ್ಲ. ಮುಗಿದ ಮೇಲೆ ಯಂತ್ರ ತೋರಿಸುವ 'ಏರ್ ಕೆರ್ಮಾ' ಅಂಕಿಯನ್ನು, ಅಂದರೆ ಚರ್ಮದ ಕಡೆಗೆ ಒಟ್ಟು ಎಷ್ಟು ಕಿರಣ ಬಿತ್ತು ಎಂಬ ಲೆಕ್ಕವನ್ನು, ಡಿಸ್ಚಾರ್ಜ್ ಕಾಗದದಲ್ಲಿ ಬರೆಸಿಕೋ. ಅದನ್ನು ಅಳೆಯುವುದು ಗ್ರೇ ಲೆಕ್ಕದಲ್ಲಿ; 5 ಗ್ರೇ, ಅಂದರೆ 5,000 ಮಿಲಿಗ್ರೇ, ದಾಟಿದ್ದರೆ ಎರಡು ವಾರ ಕಳೆದಂತೆ ಬೆನ್ನು ನೋಡುತ್ತಿರಬೇಕು. ಕೆಂಪು ಕಂಡರೆ ಸ್ಟೆಂಟ್ ಹಾಕಿದವರ ಬಳಿಗೇ ಹೋಗಿ. ಚರ್ಮದ ವೈದ್ಯರು ಕತ್ತರಿಸುವ ಮೊದಲು ಆ ಅಂಕಿ ತೋರಿಸಿ.

ಆ ಪುಟದ ಫೋಟೊ ನನಗೂ ಕಳುಹಿಸು. ಆಸ್ಪತ್ರೆಗೆ ಗಂಜಿ ತರಬೇಕೇ ಎಂದು ದೊಡ್ಡಮ್ಮ ಕೇಳುತ್ತಿದ್ದಾಳೆ.