ಹಳೆಯ ಲ್ಯಾಪ್‌ಟಾಪಿನಲ್ಲಿ ಓಡುವ, ಕಡಿಮೆ ಬೆಲೆಯ ಇಂಡೀ ಗೇಮ್‌ಗಳು ಯಾವುವು?

ತೀರ್ಥಹಳ್ಳಿ_ಮೇಷ್ಟ್ರು ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ನನ್ನ ಬಳಿ 4 ಜಿಬಿ ರ‍್ಯಾಮ್ ಇರುವ, ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡ್ ಇಲ್ಲದ ಹಳೆಯ ಲ್ಯಾಪ್‌ಟಾಪ್ ಇದೆ. ಆರನೆಯ ತರಗತಿಯಲ್ಲಿ ಓದುತ್ತಿರುವ ಮಗಳ ಜೊತೆ ಕುಳಿತು ಆಡಲು ಒಂದೆರಡು ಗೇಮ್‌ಗಳನ್ನು ಕೊಳ್ಳಬೇಕೆಂದಿದ್ದೇನೆ. ಮೊಬೈಲಿನಲ್ಲಿ ಅವಳು ಆಡುವ ಉಚಿತ ಆಟಗಳಲ್ಲಿ ಮಾತುಮಾತಿಗೂ ಜಾಹೀರಾತು ಬರುತ್ತದೆ. ಮುಂದಿನ ಹಂತಕ್ಕೆ ಹೋಗಬೇಕಾದರೆ ಗಂಟೆಗಟ್ಟಲೆ ಕಾಯಬೇಕು, ಇಲ್ಲವೇ ದುಡ್ಡು ಕೊಟ್ಟು ರತ್ನಗಳನ್ನೋ ನಾಣ್ಯಗಳನ್ನೋ ಕೊಳ್ಳಬೇಕು. ಆಟಕ್ಕೆ ದುಡ್ಡು ಕೊಡುವುದಕ್ಕೆ ನನ್ನ ಅಭ್ಯಂತರವಿಲ್ಲ. ಆದರೆ ಒಮ್ಮೆ ಕೊಟ್ಟ ಮೇಲೆ ಮತ್ತೆ ಮತ್ತೆ ಕೈಚಾಚದ, ಮಗುವನ್ನು ಆಟದ ಹೆಸರಿನಲ್ಲಿ ಅಂಗಡಿಯೊಳಗೆ ಕೂರಿಸದ ಗೇಮ್ ಬೇಕು.

ದೊಡ್ಡ ಕಂಪನಿಗಳ ಹೊಸ ಗೇಮ್‌ಗಳ ಬೆಲೆಯೂ ನನಗೆ ಎಟುಕುವಂಥದ್ದಲ್ಲ, ಅವು ನನ್ನ ಲ್ಯಾಪ್‌ಟಾಪಿನಲ್ಲಿ ಓಡುವುದೂ ಇಲ್ಲ. ಒಬ್ಬರೋ ಇಬ್ಬರೋ ಸೇರಿ ಮಾಡಿದ ಸಣ್ಣ ಗೇಮ್‌ಗಳು, ಅಂದರೆ ಇಂಡೀ ಗೇಮ್‌ಗಳು, ಕಡಿಮೆ ಬೆಲೆಗೆ ಸಿಗುತ್ತವೆಂದು ಕೇಳಿದ್ದೇನೆ. ಒಟ್ಟು 1,500 ರೂಪಾಯಿಯೊಳಗೆ ಮುಗಿಯಬೇಕು. ನಮ್ಮ ಊರಿನ ಇಂಟರ್ನೆಟ್ ನಿಧಾನವಾದ್ದರಿಂದ ಡೌನ್‌ಲೋಡ್ ಚಿಕ್ಕದಿದ್ದಷ್ಟೂ ಒಳ್ಳೆಯದು. ಇನ್ನೊಂದು ಮುಖ್ಯ ಮಾತು: ಮಗಳು ಕನ್ನಡ ಮಾಧ್ಯಮದಲ್ಲಿ ಓದುತ್ತಿದ್ದಾಳೆ, ಇಂಗ್ಲಿಷನ್ನು ಅಕ್ಷರ ಕೂಡಿಸಿಕೊಂಡು ಓದುತ್ತಾಳೆ. ಪುಟಗಟ್ಟಲೆ ಸಂಭಾಷಣೆ ಇರುವ ಗೇಮ್ ಕೊಟ್ಟರೆ ಅವಳಿಗೆ ಬೇಸರವಾಗುತ್ತದೆ. ನಮ್ಮ ದೇಶದ ಬದುಕನ್ನು ತೋರಿಸುವ ಗೇಮ್ ಇದ್ದರೆ ಅದನ್ನೂ ತಿಳಿಸಿ.

ಹುಬ್ಬಳ್ಳಿ_ಗೇಮರ್ ಉತ್ತರಿಸಿದ್ದು:

ಮೇಷ್ಟ್ರೇ, ನೀವು ಹೇಳಿದ ಷರತ್ತುಗಳನ್ನೆಲ್ಲ ಓದಿದ ಕೂಡಲೇ ನನಗೆ ಹೊಳೆದ ಹೆಸರು ‘ಬಾಬಾ ಈಸ್ ಯೂ’. ಫಿನ್‌ಲೆಂಡಿನ ಆರ್ವಿ ತೇಯ್ಕಾರಿ ಎಂಬುವರು ಇದನ್ನು ಮೊದಲು 2017ರ ನಾರ್ಡಿಕ್ ಗೇಮ್ ಜಾಮ್ ಎಂಬ, ಕೆಲವೇ ದಿನಗಳಲ್ಲಿ ಗೇಮ್ ಮಾಡಿ ಮುಗಿಸುವ ಸ್ಪರ್ಧೆಗಾಗಿ ಮಾಡಿದರು. ಅದನ್ನೇ ಬೆಳೆಸಿ 2019ರಲ್ಲಿ ಪೂರ್ಣ ಗೇಮ್ ಆಗಿ ಬಿಡುಗಡೆ ಮಾಡಿದರು. ಪರದೆಯ ಮೇಲೆ ಬಾಬಾ ಎಂಬ ಒಂದು ಬಿಳಿ ಪ್ರಾಣಿ, ಕೆಲವು ಗೋಡೆ, ಕೆಲವು ಬಂಡೆ, ಒಂದು ಬಾವುಟ ಇರುತ್ತವೆ. ಆಟದ ನಿಯಮಗಳು ಕೂಡ ಪದಗಳ ರೂಪದಲ್ಲಿ ಅದೇ ಪರದೆಯ ಮೇಲೆ ಬಿದ್ದಿರುತ್ತವೆ. ‘ವಾಲ್’, ‘ಈಸ್’, ‘ಸ್ಟಾಪ್’ ಎಂಬ ಮೂರು ಪದಗಳು ಒಂದೇ ಸಾಲಿನಲ್ಲಿರುವವರೆಗೆ ಮಾತ್ರ ಗೋಡೆ ನಿಮ್ಮನ್ನು ತಡೆಯುತ್ತದೆ. ಬಾಬಾನನ್ನು ನಡೆಸಿಕೊಂಡು ಹೋಗಿ ಅವುಗಳಲ್ಲಿ ಒಂದು ಪದವನ್ನು ಪಕ್ಕಕ್ಕೆ ತಳ್ಳಿದರೆ ಆ ನಿಯಮವೇ ಇಲ್ಲವಾಗಿ, ಗೋಡೆಯ ಮೂಲಕ ಸಲೀಸಾಗಿ ನಡೆದುಹೋಗಬಹುದು. ಗೆಲ್ಲಿಸುವುದು ಬಾವುಟ ಎಂಬ ನಿಯಮವನ್ನು ಮುರಿದು, ಬಂಡೆಯೇ ಗೆಲ್ಲಿಸುತ್ತದೆ ಎಂದು ಬದಲಾಯಿಸಬಹುದು; ಇನ್ನೂ ಮುಂದೆ ಹೋದರೆ ನೀವೇ ಬಂಡೆಯಾಗಬಹುದು, ಗೋಡೆಯಾಗಬಹುದು.

ಮಗಳ ಇಂಗ್ಲಿಷ್ ಬಗ್ಗೆ ನೀವು ಬರೆದದ್ದರಿಂದಲೇ ಇದನ್ನು ಮೊದಲು ಹೇಳುತ್ತಿದ್ದೇನೆ. ಆರಂಭದ ಹಂತಗಳಿಗೆ ಬೇಕಾಗುವುದು ಹತ್ತು–ಹನ್ನೆರಡು ಸಣ್ಣ ಪದಗಳು ಮಾತ್ರ, ಮತ್ತು ಪ್ರತಿಯೊಂದು ಪದದ ಅರ್ಥವೂ ಅದನ್ನು ತಳ್ಳಿದ ತಕ್ಷಣ ಕಣ್ಣೆದುರಿಗೇ ಗೊತ್ತಾಗುತ್ತದೆ. ಹಂತಗಳು ಇನ್ನೂರಕ್ಕೂ ಹೆಚ್ಚಿವೆ. ಮೊದಲ ಎರಡು ನಕ್ಷೆಗಳು (ಹಂತಗಳ ಗುಂಪುಗಳು) ಮುಗಿದ ಮೇಲೆ ಆಟ ನಿಜಕ್ಕೂ ಕಠಿಣವಾಗುತ್ತದೆ ಎಂಬುದನ್ನು ಈಗಲೇ ಹೇಳಿಬಿಡುತ್ತೇನೆ. ಆದರೆ ಇಲ್ಲಿ ಸಮಯದ ಒತ್ತಡವಿಲ್ಲ, ಇಟ್ಟ ಹೆಜ್ಜೆಯನ್ನು ಎಷ್ಟು ಬೇಕಾದರೂ ಹಿಂದಕ್ಕೆ ತೆಗೆದುಕೊಳ್ಳಬಹುದು. ಆದ್ದರಿಂದ ಇಬ್ಬರೂ ಪರದೆಯ ಮುಂದೆ ಕುಳಿತು ವಾದ ಮಾಡಿಕೊಂಡು ಆಡುವುದಕ್ಕೆ ಇದಕ್ಕಿಂತ ಒಳ್ಳೆಯದನ್ನು ನಾನು ಕಂಡಿಲ್ಲ.

ಎರಡನೆಯದು ‘ಮಿನಿ ಮೆಟ್ರೊ’. ನ್ಯೂಜಿಲೆಂಡಿನ ಡೈನೊಸಾರ್ ಪೋಲೋ ಕ್ಲಬ್ ಎಂಬ ಪುಟ್ಟ ತಂಡ ಮಾಡಿದ, 2015ರಲ್ಲಿ ಬಂದ ಗೇಮ್ ಇದು. ಆಡುವುದಕ್ಕೆ ಓದು ಬೇಕಾಗುವುದೇ ಇಲ್ಲ. ವೃತ್ತ, ತ್ರಿಕೋನ, ಚೌಕಗಳೇ ಇಲ್ಲಿ ನಿಲ್ದಾಣಗಳು. ಅದೇ ಆಕಾರದ ಪುಟ್ಟ ಚಿಹ್ನೆಗಳೇ ಪ್ರಯಾಣಿಕರು. ಗೆರೆ ಎಳೆದು ನಿಲ್ದಾಣಗಳನ್ನು ಜೋಡಿಸಬೇಕು, ನದಿ ದಾಟುವ ಸುರಂಗಗಳನ್ನು ಲೆಕ್ಕ ನೋಡಿ ಬಳಸಬೇಕು. ಎಲ್ಲ ಗೆರೆಗಳನ್ನೂ ಒಂದೇ ನಿಲ್ದಾಣದಲ್ಲಿ ಕೂಡಿಸಿದರೆ ಅಲ್ಲಿ ಜನ ಕಿಕ್ಕಿರಿದು ಆಟ ಮುಗಿದುಹೋಗುತ್ತದೆ. (ಬೆಂಗಳೂರಿನಲ್ಲಿ ಸಂಜೆಯ ಹೊತ್ತು ಮೆಜೆಸ್ಟಿಕ್‌ನಲ್ಲಿ ಮೆಟ್ರೊ ಬದಲಾಯಿಸಿದವರಿಗೆ ಇದು ಬೇಗ ಅರ್ಥವಾಗುತ್ತದೆ.) ಮುಂಬಯಿಯ ನಕ್ಷೆಯೂ ಇದರಲ್ಲಿದೆ.

ದೀರ್ಘಕಾಲ ಆಡುವಂಥದ್ದು ಬೇಕಾದರೆ ‘ಸ್ಟಾರ್‌ಡ್ಯೂ ವ್ಯಾಲಿ’. ಎರಿಕ್ ಬ್ಯಾರೋನ್ ಒಬ್ಬರೇ ನಾಲ್ಕೂವರೆ ವರ್ಷ ಕುಳಿತು ಚಿತ್ರ, ಸಂಗೀತ, ಕಥೆ, ಪ್ರೋಗ್ರಾಮ್ ಎಲ್ಲವನ್ನೂ ಮಾಡಿ 2016ರಲ್ಲಿ ಹೊರತಂದರು. 4 ಕೋಟಿಗೂ ಹೆಚ್ಚು ಪ್ರತಿಗಳು ಮಾರಾಟವಾದ ಮೇಲೂ ಅವರು ಹೊಸ ಭಾಗಗಳಿಗೆ ಪ್ರತ್ಯೇಕ ದುಡ್ಡು ಕೇಳಿಲ್ಲ. 2024ರ ದೊಡ್ಡ ಅಪ್‌ಡೇಟ್ ಕೂಡ ಹಳೆಯ ಗ್ರಾಹಕರಿಗೆ ಉಚಿತವಾಗಿಯೇ ಬಂತು. ಅದರ ಕನಿಷ್ಠ ಅಗತ್ಯ 2 ಜಿಬಿ ರ‍್ಯಾಮ್, ಡೌನ್‌ಲೋಡ್ ಕೂಡ ಚಿಕ್ಕದು. ಅಮೆರಿಕದಲ್ಲಿ 15 ಡಾಲರ್ ಬೆಲೆಯ ಈ ಗೇಮ್, ಕಂಪ್ಯೂಟರ್ ಗೇಮ್‌ಗಳನ್ನು ಮಾರುವ ಸ್ಟೀಮ್ ಎಂಬ ತಾಣದ ಭಾರತೀಯ ಅಂಗಡಿಯಲ್ಲಿ ಐನೂರು ರೂಪಾಯಿಯೊಳಗೆ ಸಿಗುತ್ತದೆ. ಕೃಷಿ, ಮೀನುಗಾರಿಕೆ, ಗಣಿ, ಊರವರ ಸ್ನೇಹ ಎಲ್ಲವೂ ಇದರಲ್ಲಿವೆ. ಸಂಭಾಷಣೆ ಸಾಕಷ್ಟಿದೆ, ಕನ್ನಡದಲ್ಲಿ ಇಲ್ಲ. ಆದರೆ ವಾಕ್ಯಗಳು ಚಿಕ್ಕವು, ನೀವು ಪಕ್ಕದಲ್ಲಿದ್ದರೆ ಕಷ್ಟವಾಗಲಾರದು.

ಟೊರಾಂಟೊ_ಕನ್ನಡತಿ ಉತ್ತರಿಸಿದ್ದು:

ನಮ್ಮ ದೇಶದ ಬದುಕಿನ ಬಗ್ಗೆ ಕೇಳಿದ್ದೀರಿ. ನಾನು ‘ವೆಂಬಾ’ ಎಂಬ ಗೇಮ್ ಅನ್ನು ಮನಸಾರೆ ಶಿಫಾರಸು ಮಾಡುತ್ತೇನೆ. ಇಲ್ಲಿ ಟೊರಾಂಟೊದ ವಿಸೈ ಗೇಮ್ಸ್ ಎಂಬ ಸಣ್ಣ ತಂಡ 2023ರಲ್ಲಿ ಹೊರತಂದ ಈ ಗೇಮ್, 1980ರ ದಶಕದಲ್ಲಿ ಕೆನಡಾಕ್ಕೆ ವಲಸೆ ಬಂದ ತಮಿಳು ಕುಟುಂಬವೊಂದರ ಕಥೆ. ಮರುವರ್ಷ ಇದಕ್ಕೆ ಬ್ರಿಟನ್ನಿನ ಬಾಫ್ಟಾ ಸಂಸ್ಥೆಯ ಚೊಚ್ಚಲ ಗೇಮ್ ಪ್ರಶಸ್ತಿ ಬಂತು. ಕಥೆಯ ನಾಯಕಿ ವೆಂಬಾಳಿಗೆ ತಾಯಿಯಿಂದ ಬಂದ ಅಡುಗೆ ಪುಸ್ತಕ ಅಲ್ಲಲ್ಲಿ ಹರಿದು, ಮಸಿ ಮಾಸಿಹೋಗಿದೆ. ಬಿಟ್ಟುಹೋದ ಹಂತಗಳನ್ನು ಆಡುವವರೇ ಯೋಚಿಸಿ ತುಂಬಬೇಕು. ಮೊದಲ ಅಡುಗೆಯೇ ಇಡ್ಲಿ. ತಟ್ಟೆಗಳನ್ನು ಯಾವ ರೀತಿ ಒಂದರ ಮೇಲೊಂದು ಜೋಡಿಸಿದರೆ ಹಬೆ ಎಲ್ಲ ಗುಳಿಗಳಿಗೂ ತಲುಪುತ್ತದೆ ಎಂಬುದೇ ಅಲ್ಲಿನ ಒಗಟು. ಇಲ್ಲಿನ ನನ್ನ ಸಹೋದ್ಯೋಗಿಗಳು ತಲೆಕೆಡಿಸಿಕೊಂಡ ಆ ಒಗಟನ್ನು ನಿಮ್ಮ ಮಗಳು ಅಡುಗೆಮನೆಯಲ್ಲಿ ಕಂಡದ್ದನ್ನು ನೆನೆದು ಕ್ಷಣದಲ್ಲಿ ಬಿಡಿಸಬಹುದು. ವಿಡಿಯೋ ಗೇಮ್ ಒಂದು ತನ್ನ ಮನೆಯ ತಿಳಿವಳಿಕೆಗೆ ಬೆಲೆ ಕೊಡುತ್ತದೆ ಎಂಬ ಅನುಭವ ನಮ್ಮ ಮಕ್ಕಳಿಗೆ ಸಿಗುವುದು ತೀರಾ ಅಪರೂಪ. ಅದಕ್ಕಾಗಿಯಾದರೂ ಅದನ್ನು ಆಡಿಸಿ. ಸಂಭಾಷಣೆ ಇಂಗ್ಲಿಷಿನಲ್ಲಿದೆ, ಅದನ್ನು ನೀವು ಓದಿ ಹೇಳಬೇಕಾಗುತ್ತದೆ. ವೆಂಬಾಳ ಮಗ ದೊಡ್ಡವನಾದಂತೆ ಮನೆಯ ಭಾಷೆಯಿಂದ ದೂರವಾಗುವ ಭಾಗಗಳಲ್ಲಿ ನಿಲ್ಲಿಸಿ ಮಾತನಾಡುವುದಕ್ಕೆ ಬಹಳ ಇದೆ.

ಎರಡನೆಯದಾಗಿ ‘ಎ ಶಾರ್ಟ್ ಹೈಕ್’ ನೋಡಿ. ಕೆನಡಾದ ಆ್ಯಡಮ್ ರಾಬಿನ್ಸನ್-ಯೂ ತಮ್ಮ ದೊಡ್ಡ ಯೋಜನೆಯೊಂದನ್ನು ಬದಿಗಿಟ್ಟು ಕೆಲವೇ ತಿಂಗಳಲ್ಲಿ ಮಾಡಿ 2019ರಲ್ಲಿ ಹೊರತಂದದ್ದು. ಕ್ಲೇರ್ ಎಂಬ ಹಕ್ಕಿ ಒಂದು ಫೋನ್ ಕರೆಗಾಗಿ ಕಾಯುತ್ತಿದ್ದಾಳೆ; ಸಿಗ್ನಲ್ ಸಿಗುವುದು ಬೆಟ್ಟದ ತುದಿಯಲ್ಲಿ ಮಾತ್ರ. ದಾರಿಯಲ್ಲಿ ಚಿನ್ನದ ಗರಿಗಳನ್ನು ಕೂಡಿಸಿದಷ್ಟೂ ಹೆಚ್ಚು ಎತ್ತರಕ್ಕೆ ಹತ್ತಬಹುದು. ಆದರೆ ಯಾರೂ ಅವಸರ ಮಾಡುವುದಿಲ್ಲ, ಸೋಲೂ ಇಲ್ಲ.

ಇವೆರಡೂ ಎರಡು ಗಂಟೆಯೊಳಗೆ ಮುಗಿಯುವ ಗೇಮ್‌ಗಳು. ಕೊಟ್ಟ ದುಡ್ಡಿಗೆ ಎಷ್ಟು ಗಂಟೆ ಸಿಕ್ಕಿತು ಎಂದು ಅಳೆಯುವವರಿಗೆ ಇವು ದುಬಾರಿ ಎನ್ನಿಸಬಹುದು; ನಾನು ಹಾಗೆ ಅಳೆಯುವುದಿಲ್ಲ. ದಿನಕ್ಕೆ ಅರ್ಧ ಗಂಟೆ ಬಿಡುವಿರುವ ಮನೆಯಲ್ಲಿ, ಒಂದು ವಾರದಲ್ಲಿ ಕಥೆ ಪೂರ್ಣವಾಗಿ ಮುಗಿದು, ಅದರ ಬಗ್ಗೆ ಮಗುವಿನೊಂದಿಗೆ ಮಾತನಾಡುವಂತಾಗುವುದು ಸಣ್ಣ ಸಂಗತಿಯಲ್ಲ.

ಬಿಡುವಿನ_ಪ್ರೋಗ್ರಾಮರ್ ಉತ್ತರಿಸಿದ್ದು:

ಮೇಲಿನ ಆಯ್ಕೆಗಳೆಲ್ಲ ಒಳ್ಳೆಯವೇ. ಆದರೆ ಒಂದು ಮಾತನ್ನು ನಾನು ಒಪ್ಪಲಾರೆ. 1,500 ರೂಪಾಯಿಯ ಮಿತಿ ಇರುವವರು ಗಂಟೆಗಳ ಲೆಕ್ಕ ಹಾಕುವುದು ತಪ್ಪಲ್ಲ. ‘ವೆಂಬಾ’ವನ್ನು ಪೂರ್ಣ ಬೆಲೆಗೆ ಕೊಂಡರೆ ಮೇಷ್ಟ್ರ ಬಜೆಟ್‌ನ ದೊಡ್ಡ ಪಾಲು ಅಲ್ಲೇ ಹೋಗುತ್ತದೆ. ಆದ್ದರಿಂದ ಅದನ್ನು ಸ್ಟೀಮ್‌ನ ವಿಶ್‌ಲಿಸ್ಟ್‌ಗೆ (ಮುಂದೆ ಕೊಳ್ಳಬೇಕೆಂದಿರುವ ಗೇಮ್‌ಗಳ ಪಟ್ಟಿಗೆ) ಸೇರಿಸಿಡಿ. ರಿಯಾಯಿತಿ ಬಂದ ದಿನ ಇಮೇಲ್ ಬರುತ್ತದೆ. ಜೂನ್ ಕೊನೆಯ ಮತ್ತು ಡಿಸೆಂಬರಿನ ರಿಯಾಯಿತಿ ಮಾರಾಟಗಳು ಪ್ರತಿವರ್ಷವೂ ಇರುತ್ತವೆ. ಹೀಗೆ ಕಾಯುವುದರಿಂದ ಸಣ್ಣ ಡೆವಲಪರ್‌ಗಳಿಗೆ ಅನ್ಯಾಯ ಮಾಡಿದಂತೆ ಎಂಬ ಸಂಕೋಚ ಬೇಡ, ಏಕೆಂದರೆ ರಿಯಾಯಿತಿ ಕೊಡಬೇಕೇ, ಎಷ್ಟು ಕೊಡಬೇಕು ಎಂಬುದನ್ನು ನಿರ್ಧರಿಸುವವರು ಅವರು ಅಥವಾ ಅವರ ಪ್ರಕಾಶಕರೇ.

ಕೊಳ್ಳುವ ಮೊದಲು ಡೆಮೊ (ಉಚಿತವಾಗಿ ಆಡಿ ನೋಡುವ ಸಣ್ಣ ಭಾಗ) ಇದೆಯೇ ಎಂದು ಆಯಾ ಗೇಮ್‌ನ ಪುಟದಲ್ಲಿ ನೋಡಿ. ಕೊಂಡ ಮೇಲೆ ನಿಮ್ಮ ಲ್ಯಾಪ್‌ಟಾಪಿನಲ್ಲಿ ತಡವರಿಸಿದರೆ, 14 ದಿನದೊಳಗೆ ಮತ್ತು ಎರಡು ಗಂಟೆಗಿಂತ ಕಡಿಮೆ ಆಡಿದ್ದರೆ, ಸ್ಟೀಮ್ ದುಡ್ಡು ಹಿಂದಿರುಗಿಸುತ್ತದೆ. ನಿಮ್ಮಂಥ ಹಳೆಯ ಯಂತ್ರ ಇರುವವರಿಗೆ ಇದು ದೊಡ್ಡ ಭರವಸೆ. ಆದ್ದರಿಂದ ಕೊಂಡ ದಿನವೇ ಇನ್‌ಸ್ಟಾಲ್ ಮಾಡಿ ಪರೀಕ್ಷಿಸಿ, ರಜೆ ಬರಲೆಂದು ಎತ್ತಿಡಬೇಡಿ. ಆದರೆ ಎರಡು ಗಂಟೆಯೊಳಗೆ ಮುಗಿಯುವ ಗೇಮ್ ಅನ್ನು ಪೂರ್ತಿ ಆಡಿ, ಮೆಚ್ಚಿಕೊಂಡು, ಆಮೇಲೆ ದುಡ್ಡು ವಾಪಸ್ ಕೇಳುವವರೂ ಇದ್ದಾರೆ. ‘ಸಮ್ಮರ್ ಆಫ್ 58’ ಎಂಬ ಗೇಮ್ ಮಾಡಿದ ಎಮಿಕಾ ಗೇಮ್ಸ್‌ನವರು 2021ರಲ್ಲಿ ಇದೇ ಕಾರಣ ಹೇಳಿ ಗೇಮ್ ತಯಾರಿಕೆಯಿಂದ ದೂರ ಸರಿಯುತ್ತಿರುವುದಾಗಿ ಪ್ರಕಟಿಸಿದರು. ಸ್ಟೀಮ್ ಸಾಮಾನ್ಯವಾಗಿ ಮಾರಾಟದ ಶೇ. 30ರಷ್ಟನ್ನು ಇಟ್ಟುಕೊಳ್ಳುತ್ತದೆ, ಉಳಿದದ್ದರಲ್ಲೇ ಬದುಕುವ ಒಬ್ಬ ವ್ಯಕ್ತಿಗೆ ಇಂಥ ಹೊಡೆತ ತಾಳುವುದು ಕಷ್ಟ.

ಉಚಿತವಾಗಿ ಆರಂಭಿಸಬೇಕೆಂದಿದ್ದರೆ ಇಚ್ ಡಾಟ್ ಐಓ ತಾಣಕ್ಕೆ ಹೋಗಿ. ಅಲ್ಲಿನ ಅನೇಕ ಗೇಮ್‌ಗಳಿಗೆ ನಿಮಗೆ ತೋಚಿದಷ್ಟು ಬೆಲೆ ಕೊಡಬಹುದು, ಸೊನ್ನೆಯೂ ಆಗಬಹುದು. ತಾಣಕ್ಕೆ ಎಷ್ಟು ಪಾಲು ಹೋಗಬೇಕೆಂಬುದನ್ನೂ ಗೇಮ್ ಮಾಡಿದವರೇ ನಿಗದಿಪಡಿಸುತ್ತಾರೆ. ‘ಸೆಲೆಸ್ಟ್’ ಎಂಬ ಹೆಸರಾಂತ ಗೇಮ್‌ನ ಮೂಲ ರೂಪ, ಅಂದರೆ ಮ್ಯಾಡಿ ಥಾರ್ಸನ್ ಮತ್ತು ನೋಯೆಲ್ ಬೆರಿ ನಾಲ್ಕು ದಿನಗಳಲ್ಲಿ ಮಾಡಿದ ಪುಟ್ಟ ಆವೃತ್ತಿ, ಬ್ರೌಸರಿನಲ್ಲೇ ಉಚಿತವಾಗಿ ಓಡುತ್ತದೆ. ಮಗಳಿಗೆ ಜಿಗಿತದ ಆಟಗಳು ಇಷ್ಟವೇ ಎಂಬುದು ಅದರಿಂದ ತಿಳಿಯುತ್ತದೆ. ಇಷ್ಟವಾದರೆ 2018ರ ಪೂರ್ಣ ‘ಸೆಲೆಸ್ಟ್’ ಅನ್ನು ಮುಂದೆ ಕೊಳ್ಳಬಹುದು. ಅದರ ಸಹಾಯದ ಆಯ್ಕೆಯಲ್ಲಿ ಆಟದ ವೇಗ ತಗ್ಗಿಸಬಹುದು, ಬಿದ್ದರೂ ಸಾಯದಂತೆ ಮಾಡಿಕೊಳ್ಳಬಹುದು.

ಇನ್ನು ಬೇಡ ಎನ್ನಬೇಕಾದ ಎರಡು. ಪುಣೆಯ ನಾಡಿಂಗ್ ಹೆಡ್ಸ್ ಗೇಮ್ಸ್ 2020ರಲ್ಲಿ ತಂದ ‘ರಾಜಿ’ಯನ್ನು ಯಾರಾದರೂ ಹೇಳಿಯೇ ಹೇಳುತ್ತಾರೆ. ಅದು ಸುಂದರವಾದ ಗೇಮ್, ಆದರೆ ಗ್ರಾಫಿಕ್ಸ್ ಕಾರ್ಡ್ ಇಲ್ಲದ ನಿಮ್ಮ ಯಂತ್ರಕ್ಕೆ ಭಾರವಾಗುತ್ತದೆ. ‘ವ್ಯಾಂಪೈರ್ ಸರ್ವೈವರ್ಸ್’ 5 ಡಾಲರ್ ಬೆಲೆಯ ಗೇಮ್ ಆಗಿ ಬಂದು 2023ರಲ್ಲಿ ಬಾಫ್ಟಾದ ಅತ್ಯುತ್ತಮ ಗೇಮ್ ಪ್ರಶಸ್ತಿ ಗೆದ್ದಿತು. ಆದರೆ ಪೆಟ್ಟಿಗೆ ತೆರೆದಾಗಲೆಲ್ಲ ದೀಪಗಳು ಮಿನುಗಿ ಬಹುಮಾನ ಉದುರುವ ಅದರ ಶೈಲಿ, ನೀವು ದೂರವಿಡಬಯಸುವ ಮೊಬೈಲ್ ಆಟಗಳಿಗೆ ಹತ್ತಿರದ್ದು. ನಿಮಗಾಗಿ ಕೊಳ್ಳಿ, ಮಗಳಿಗಾಗಿ ಬೇಡ.

ತೀರ್ಥಹಳ್ಳಿ_ಮೇಷ್ಟ್ರು ಮತ್ತೆ ಬರೆದದ್ದು:

ಮೂವರಿಗೂ ಮನಃಪೂರ್ವಕ ಧನ್ಯವಾದಗಳು. ‘ಬಾಬಾ ಈಸ್ ಯೂ’ ಮತ್ತು ‘ಸ್ಟಾರ್‌ಡ್ಯೂ ವ್ಯಾಲಿ’ಯನ್ನು ಈಗ ಕೊಂಡು, ‘ವೆಂಬಾ’ವನ್ನು ವಿಶ್‌ಲಿಸ್ಟ್‌ನಲ್ಲಿ ಇಡಬೇಕೆಂದು ಯೋಚಿಸಿದ್ದೇನೆ. ಒಂದು ಅನುಮಾನ ಉಳಿದಿದೆ. ‘ಸ್ಟಾರ್‌ಡ್ಯೂ ವ್ಯಾಲಿ’ಯನ್ನು ನಾವಿಬ್ಬರೂ ಒಂದೇ ಲ್ಯಾಪ್‌ಟಾಪಿನಲ್ಲಿ ಒಟ್ಟಿಗೆ ಆಡಬಹುದೇ? ಮತ್ತು ಮುಗಿಯದ ಆಟವೆಂದು ಕೇಳಿದ್ದರಿಂದ, ಅರ್ಧ ಗಂಟೆಯಲ್ಲಿ ಅವಳನ್ನು ಎಬ್ಬಿಸುವುದು ಕಷ್ಟವಾಗುವುದೇ?

ಹುಬ್ಬಳ್ಳಿ_ಗೇಮರ್ ಉತ್ತರಿಸಿದ್ದು:

ಆಡಬಹುದು. 2020ರ ಕೊನೆಯಲ್ಲಿ ಬಂದ ಅಪ್‌ಡೇಟ್‌ನಿಂದ ಪರದೆಯನ್ನು ಎರಡಾಗಿ ಹಂಚಿಕೊಂಡು ಆಡುವ ಸೌಲಭ್ಯವಿದೆ. ಒಬ್ಬರಿಗೆ ಕೀಬೋರ್ಡ್ ಮತ್ತು ಮೌಸ್ ಸಾಕು, ಇನ್ನೊಬ್ಬರಿಗೆ ಕೈಯಲ್ಲಿ ಹಿಡಿದು ಆಡುವ ಯುಎಸ್‌ಬಿ ಕಂಟ್ರೋಲರ್ ಬೇಕು. ಪರದೆ ಹಂಚಿದಾಗ ಯಂತ್ರದ ಮೇಲಿನ ಹೊರೆ ಹೆಚ್ಚುತ್ತದೆ, ಹಾಗಾಗಿ ಮೊದಲು ಒಂದೇ ಹೊಲವನ್ನು ಸರದಿಯಲ್ಲಿ ನೋಡಿಕೊಂಡು ಹೋಗಿ. ಎಲ್ಲವೂ ಸಲೀಸಾಗಿ ಓಡಿದರೆ ಮಾತ್ರ ಕಂಟ್ರೋಲರಿಗೆ ದುಡ್ಡು ಹಾಕಿ.

ಸಮಯದ ವಿಷಯಕ್ಕೆ ಬಂದರೆ, ಆಟದ ಒಂದು ದಿನ ನಮ್ಮ ಸುಮಾರು 14 ನಿಮಿಷಕ್ಕೆ ಸಮ. ರಾತ್ರಿ ಹಾಸಿಗೆಗೆ ಹೋಗಿ ಮಲಗಿದಾಗ ಮಾತ್ರ ಆಟ ಸೇವ್ ಆಗುತ್ತದೆ. ನಡುಹಗಲಲ್ಲಿ ಮುಚ್ಚಿದರೆ ಆ ದಿನದ ಕೆಲಸವೆಲ್ಲ ವ್ಯರ್ಥ. ಆದ್ದರಿಂದ ಗಡಿಯಾರ ತೋರಿಸಿ ಎಬ್ಬಿಸುವುದಕ್ಕಿಂತ, ಇವತ್ತು ಎರಡು ದಿನ ಮಾತ್ರ ಎಂದು ಮೊದಲೇ ಮಾತಾಡಿಕೊಳ್ಳಿ. ಶುರುವಿನಲ್ಲಿ ಊರಿನ ಮೇಯರ್ ಹದಿನೈದು ಪಾರ್ಸ್ನಿಪ್ ಬೀಜ ಕೊಡುತ್ತಾರೆ. ಅದು ಮೂಲಂಗಿಯಂಥ ಗೆಡ್ಡೆ, ದಿನವೂ ನೀರು ಹಾಕಿದರೆ ನಾಲ್ಕು ದಿನಕ್ಕೆ ಕೊಯ್ಲಿಗೆ ಬರುತ್ತದೆ. ಕೊಯ್ದದ್ದನ್ನೆಲ್ಲ ಒಮ್ಮೆಗೇ ಮಾರಿಬಿಡಬೇಡಿ. ಕೆಲವನ್ನು ಎತ್ತಿಡಲು ಮಗಳಿಗೆ ಹೇಳಿ, ಮುಂದೆ ಊರಿನ ಸಮುದಾಯ ಭವನದಲ್ಲಿ ಬೇಕಾಗುತ್ತವೆ.