‘-ಸೈಡ್’ಗೆ ಕನ್ನಡದಲ್ಲಿ ಏನು? ನಾಶಕ, ನಾಶಿನಿ, ಮದ್ದು

ಕೇರಳದ ಕಾಸರಗೋಡು ಜಿಲ್ಲೆಯ ಪೆರ್ಲದ ಹತ್ತಿರ ಕನ್ನಡ ಮಾಧ್ಯಮದ ಮಕ್ಕಳಿಗೆ ವಿಜ್ಞಾನ ಕಲಿಸುತ್ತೇನೆ. ಮೊನ್ನೆ ಪರೀಕ್ಷೆಯಲ್ಲಿ ಒಬ್ಬಳು ‘ಕೀಟನಾಶಿನಿ’ ಎಂದು ಬರೆದಿದ್ದಳು. ಕೆಂಪು ಗೆರೆ ಎಳೆದು ‘ಕೀಟನಾಶಕ’ ಎಂದು ತಿದ್ದಿದೆ. ಆಮೇಲೆ ಮನಸ್ಸು ಒಪ್ಪಲಿಲ್ಲ. ಮಲಯಾಳದಲ್ಲಿ ಇರುವುದೇ ಕೀಟನಾಶಿನಿ. ಎಂಡೋಸಲ್ಫಾನ್ ಎಂಬ ಕೀಟನಾಶಕದಿಂದ ನೊಂದ ಊರು ನಮ್ಮದು, ಆ ಪದ ಮಕ್ಕಳ ಕಿವಿಗೆ ಬಿದ್ದದ್ದು ಪುಸ್ತಕದಿಂದ ಅಲ್ಲ. ಪಾಪನಾಶಿನಿ ಎಂದು ನಾವೂ ಹೇಳುತ್ತೇವೆ, ಅಲ್ವಾ?

ಪೆಸ್ಟಿಸೈಡ್, ಫಂಗಿಸೈಡ್‌ಗಳ ಕೊನೆಯಲ್ಲಿರುವ ‘ಸೈಡ್’ ಲ್ಯಾಟಿನ್ನಿನ ‘ಕೇಡೆರೆ’ಯಿಂದ ಬಂದದ್ದು. ಕಡಿ, ಕೊಲ್ಲು ಎಂದು ಅರ್ಥ. ಲ್ಯಾಟಿನ್ನಿನಲ್ಲಿ ಕೊಲ್ಲುವವನಿಗೆ ‘-ಕಿಡ’, ಕೊಲೆಗೆ ‘-ಕಿಡಿಯಮ್’ ಎಂದು ಬೇರೆ ಬೇರೆ ಪ್ರತ್ಯಯ ಇದ್ದವು. ಇಂಗ್ಲಿಷಿಗೆ ಬರುವಾಗ ಎರಡೂ ಒಂದೇ ಆದವು. ಹಾಗಾಗಿ ಇನ್ಸೆಕ್ಟಿಸೈಡ್ ಕೊಲ್ಲುವ ವಸ್ತು, ಜೆನೊಸೈಡ್ ಕೊಲ್ಲುವ ಕೆಲಸ. ಕನ್ನಡದಲ್ಲಿ ಈ ಗೊಂದಲ ಇಲ್ಲ: ನಾಶಕ ಬೇರೆ, ನಾಶ ಬೇರೆ. ಅದು ನನಗೆ ತುಂಬ ಇಷ್ಟ.

ನನಗೆ ತೊಡಕು ಬಂದದ್ದು ಫಂಗಿಸೈಡ್‌ನಲ್ಲಿ. ಪುಸ್ತಕದಲ್ಲಿ ‘ಶಿಲೀಂಧ್ರನಾಶಕ’. ತೋಟದಲ್ಲಿ ಯಾರೂ ಹಾಗೆ ಹೇಳುವುದಿಲ್ಲ, ‘ಅಡಿಕೆಗೆ ಮದ್ದು ಬಿಟ್ಟಾಯಿತಾ?’ ಎಂದೇ ಕೇಳುತ್ತಾರೆ. ಆ ಮದ್ದು ಅಂದರೆ ಬೋರ್ಡೋ ದ್ರಾವಣ: ಒಂದು ಕಿಲೋ ಮೈಲುತುತ್ತು (ತಾಮ್ರದ ಸಲ್ಫೇಟ್), ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರು. ತುತ್ತಿನ ನೀರನ್ನು ಸುಣ್ಣದ ನೀರಿಗೆ ಸುರಿಯುತ್ತಾ ಕಲಕಬೇಕು. ಕಬ್ಬಿಣದ ಕತ್ತಿ ಅದ್ದಿ ನೋಡುವುದು, ಅಲಗಿಗೆ ಕೆಂಪು ಹಿಡಿದರೆ ಇನ್ನಷ್ಟು ಸುಣ್ಣ. ಇದು ಗೊನೆಗೆ ಬೀಳಬೇಕಾದದ್ದು ಕೊಳೆರೋಗ ಬರುವ ಮೊದಲು, ಮಳೆಗಾಲ ಶುರುವಾಗುವ ಹೊತ್ತಿಗೆ. ರೋಗ ಕಾಯಿಯ ಒಳಗೆ ಹೊಕ್ಕ ಮೇಲೆ ಬಿಟ್ಟರೆ ಆ ಕಾಯಿ ಉಳಿಯುವುದಿಲ್ಲ. ಅಂದರೆ ಇದರ ಕೆಲಸ ಕೊಲ್ಲುವುದಕ್ಕಿಂತ ಜಾಸ್ತಿ ಕಾಯುವುದು. ಕೊಳೆರೋಗ ತರುವ ಫೈಟೊಫ್ತೊರಾ ಎಂಬ ಸೂಕ್ಷ್ಮಜೀವಿಯನ್ನು ಈಗ ನಿಜವಾದ ಶಿಲೀಂಧ್ರಗಳ ಜೊತೆ ಸೇರಿಸುವುದೂ ಇಲ್ಲ. ಹಾಗಾದರೆ ‘ಶಿಲೀಂಧ್ರನಾಶಕ’ದಲ್ಲಿ ಎರಡು ಭಾಗವೂ ಅಷ್ಟಕ್ಕಷ್ಟೆ. ‘ಕೊಳೆಮದ್ದು’ ಅಂದರೆ ಸಾಲದೇ? ಕಳೆನಾಶಕಕ್ಕೆ ಮಾತ್ರ ‘ಮದ್ದು’ ಎನ್ನಲು ನನಗೆ ಮನಸ್ಸಿಲ್ಲ. ಅಲ್ಲಿ ಗಿಡ ಸಾಯಲೆಂದೇ ಬಿಡುವುದು, ನಾಶಕವೇ ಸರಿ.

ನಮ್ಮ ಹಾಗೆ ಕರ್ನಾಟಕದ ಗಡಿಯಾಚೆ ಇರುವ ಸೊಲ್ಲಾಪುರ, ಜತ್ತ, ಆದೋನಿ, ತಾಳವಾಡಿ ಕಡೆಯ ಕನ್ನಡಿಗರು ತಿಳಿಸಿ: ನಿಮ್ಮ ಹೊಲದಲ್ಲಿ ಬೆಳೆಗೆ ಹೊಡೆಯುವುದಕ್ಕೆ ಏನೆನ್ನುತ್ತೀರಿ? ಮದ್ದೋ, ಔಷಧಿಯೋ, ಎಣ್ಣೆಯೋ? ರೋಗ ತಡೆಯುವುದಕ್ಕೂ ಹುಳ ಕೊಲ್ಲುವುದಕ್ಕೂ ಬೇರೆ ಪದ ಇದೆಯೇ? ಆ ಹುಡುಗಿಯ ಅರ್ಧ ಅಂಕವನ್ನು ವಾಪಸು ಕೊಟ್ಟಿದ್ದೇನೆ.